ಸೀಸಿಯಂ ಮತ್ತು ಬೇವಿನ ಸೊಪ್ಪು

ವಿಜಯನಗರದ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಸೀಸಿಯಂ ಬಂತೆಂದರೆ ಮಕ್ಕಳಿಗೆ ಖುಷಿ. ಚಿನ್ನದ ಛಾಯೆಯ ಲೋಹ. ನಮ್ಮ ಏಪ್ರಿಲ್ ಸೆಕೆಗೇ ಕರಗಿ ನೀರಾಗುತ್ತದೆ, ಗಾಳಿ ತಾಗಿದರೆ ಹತ್ತಿಕೊಳ್ಳುತ್ತದೆ, ನೀರು ಸೋಕಿದರೆ ಸಿಡಿಯುತ್ತದೆ. ಅದಕ್ಕೇ ಗಾಜಿನೊಳಗೆ ಮುಚ್ಚಿಟ್ಟಿರುತ್ತಾರೆ. ಅದರ ಪರಮಾಣುವನ್ನು ನಂಬಿ ನಡೆಯುವ ಗಡಿಯಾರಗಳ ಕಥೆಯನ್ನೂ ಹುರುಪಿನಿಂದಲೇ ಹೇಳುತ್ತೇನೆ. "ಮಿಸ್, ಸೀಸಿಯಂ ಇಟ್ಟು ಕ್ಯಾನ್ಸರ್ ವಾಸಿ ಮಾಡ್ತಿದ್ರಂತೆ, ಹೌದಾ?" ಎಂದು ಯಾರಾದರೂ ಕೇಳಿದರೆ ಮಾತ್ರ ಬೋರ್ಡಿನ ಕಡೆ ತಿರುಗಿಬಿಡುತ್ತೇನೆ. ಮಾಡುತ್ತಿದ್ದರು. ನನ್ನ ಅಮ್ಮನಿಗೇ ಮಾಡಿದ್ದರು.

ಆಗ ನನಗೆ ಹತ್ತು ವರ್ಷ. ಮೂಡಲಪಾಳ್ಯದ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಬಿ.ಎಸ್ಸಿ. ಓದುತ್ತಿದ್ದ ಚಿಕ್ಕಪ್ಪ. ಅಮ್ಮನ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಆಗಿತ್ತು. ಆಸ್ಪತ್ರೆಯಲ್ಲಿ ವಿಕಿರಣ ಸೂಸುವ ಸೀಸಿಯಂ ತುಂಬಿದ ಪುಟ್ಟ ಕೊಳವೆಗಳನ್ನು ಒಳಗಿಟ್ಟು, ದಪ್ಪ ಗೋಡೆಯ ಕೋಣೆಯಲ್ಲಿ ಅವಳೊಬ್ಬಳನ್ನೇ ಮಲಗಿಸಿದರು. ಮಕ್ಕಳಿಗೆ ಪ್ರವೇಶವಿಲ್ಲ. ಒಂದೆರಡು ದಿನದ ಮೇಲೆ ಕೊಳವೆಗಳನ್ನು ತೆಗೆದು ಮನೆಗೆ ಕಳಿಸಿದರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಚಿಕ್ಕಪ್ಪ ಬಿಡಬೇಕಲ್ಲ! ಪುಸ್ತಕ ತೆರೆದು ಅಜ್ಜಿಗೆ, "ಇದು ಅರ್ಧ ಆಗಕ್ಕೇ ಮೂವತ್ತು ವರ್ಷ ಬೇಕಂತೆ. ಅತ್ತಿಗೆ ಮೈಯಿಂದ ಅಷ್ಟು ಬೇಗ ಹೋಗಲ್ಲ ಬಿಡು" ಎಂದ. ಮೂವತ್ತು ವರ್ಷದ ಮಾತು ನಿಜವೇ, ಆದರೆ ಅದು ಕೊಳವೆಯೊಳಗಿನ ಸೀಸಿಯಂನ ಲೆಕ್ಕ. ಕೊಳವೆ ಹೊರಬಂದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಅಜ್ಜಿಗೆ ಅದೆಲ್ಲಿ ಗೊತ್ತು? ಸಿಡುಬು ಎದ್ದವರಿಗೆ ಮಾಡುವಂತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ತಟ್ಟೆ ಲೋಟ ಬೇರೆ ಮಾಡಿ, ಅಮ್ಮನ ಚಾಪೆಯನ್ನು ಹಿಂದಿನ ಕೋಣೆಗೆ ಹಾಕಿಸಿದಳು. ಸೀಸಿಯಂಗೆ ಬೇವಿನ ಸೊಪ್ಪು! ನೆನೆದರೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಅಲ್ಲಿಯತನಕ ಅಮ್ಮನ ಸೆರಗು ಹಿಡಿಯದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಹೊಸಿಲ ಬಳಿ ನಿಂತು, "ಅಮ್ಮ, ಒಂದೇ ಒಂದ್ ಸಲ ಪಕ್ಕದಲ್ಲಿ ಮಲಗ್ಲಾ?" ಎಂದು ಗೋಗರೆಯುತ್ತಿದ್ದೆ. "ಬೇಡ ಕಂದ, ಅಜ್ಜಿ ಬೈತಾರೆ, ಹೋಗು" ಎಂದು ಗೋಡೆ ಕಡೆ ತಿರುಗುತ್ತಿದ್ದಳು. ಅವಳು ಬಿಚ್ಚಿಟ್ಟ ಸೀರೆಯನ್ನು ಒಗೆಯುವ ಮೊದಲೇ ಕದ್ದು ತಂದು ಅಪ್ಪಿಕೊಂಡು ಮಲಗುತ್ತಿದ್ದೆ. ಬೇವಿನ ಸೊಪ್ಪು ಒಣಗಿ ಉದುರಿತು. ಅಮ್ಮ ಚೇತರಿಸಿಕೊಂಡು ಅಡುಗೆಮನೆಗೂ ಬಂದಳು, ಅಜ್ಜಿಯ ಕಟ್ಟುನಿಟ್ಟೂ ಸಡಿಲವಾಯಿತು. ಪಕ್ಕದಲ್ಲಿ ಮಲಗಿಸಿಕೊಳ್ಳಲು ಮಾತ್ರ ಅಮ್ಮ ಕರೆಯಲಿಲ್ಲ. ಆಮೇಲೆ ನಾನು ದೊಡ್ಡವಳಾದೆ, ಕೇಳುವುದಕ್ಕೆ ನಾಚಿಕೆಯಾಯಿತು.

ಎಂ.ಎಸ್ಸಿ. ಓದುವಾಗ ನಿಜ ತಿಳಿದು, ಚಿಕ್ಕಪ್ಪನನ್ನು ಹಿಡಿದು ಜಾಡಿಸಬೇಕು ಎನ್ನಿಸಿತು. ಅಮ್ಮನಿಗೆ ಮಾತ್ರ ಹೇಳಲಿಲ್ಲ. ಸುಮ್ಮಸುಮ್ಮನೆ ಮಗಳನ್ನು ದೂರ ಇಟ್ಟೆನಲ್ಲ ಎಂದು ಕೊರಗುತ್ತಾಳೆ ಎಂದುಕೊಂಡಿದ್ದೆ.

ಮೊನ್ನೆ ಭಾನುವಾರ ಮಧ್ಯಾಹ್ನ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ತಡೆಯಲಾರದೆ ಹೇಳಿಯೇಬಿಟ್ಟೆ. ಅಮ್ಮನ ಕೈ ನಿಲ್ಲಲೂ ಇಲ್ಲ.

"ಗೊತ್ತಿತ್ತು ಕಣೇ. ಕೊಳವೆ ತೆಗೆದ ದಿನಾನೇ ಡಾಕ್ಟ್ರಮ್ಮ ಹೇಳಿದ್ರು, ಇನ್ನೇನೂ ಇಲ್ಲ, ಮಗೂನ ತಬ್ಕೊಳ್ಳಿ ಅಂತ."

"ಮತ್ತೆ ಯಾಕಮ್ಮ?"

"ನಾನು ಉಳಿಯಲ್ಲ ಅಂದ್ಕೊಂಡಿದ್ದೆ. ನಾನಿದ್ದಾಗ್ಲೇ ನಿಂಗೆ ಒಬ್ಬಳೇ ಮಲಗೋದು ಅಭ್ಯಾಸ ಆಗ್ಲಿ ಅಂತ. ನಿನ್ ಚಿಕ್ಕಪ್ಪ ಹೇಳಿದ್ದು ಒಳ್ಳೇದೇ ಆಯ್ತು ಅಂತ ಸುಮ್ನಾದೆ."

"ಉಳ್ಕೊಂಡ್ಯಲ್ಲಮ್ಮ! ಆಮೇಲಾದ್ರೂ ಕರೀಬಾರ್ದಿತ್ತಾ?"

"ಅಷ್ಟೊತ್ತಿಗೆ ನಿಂಗೆ ಅಭ್ಯಾಸ ಆಗ್ಬಿಟ್ಟಿತ್ತು."

ಆಗಿರಲಿಲ್ಲ. ಇವತ್ತಿಗೂ ಆಗಿಲ್ಲ. ಹಾಗೆಂದು ಹೇಳಹೋದರೆ ಅಳು ನುಗ್ಗಿ ಬಂತು. ಮೊರವನ್ನು ಪಕ್ಕಕ್ಕೆ ತಳ್ಳಿ, ಒಳಗೆ ಹೋಗಿ ಅವಳ ಮಂಚದ ಮೇಲೆ ಬಿದ್ದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಆ ಕಡೆ ಸರ್ಕೊಳ್ಳೇ" ಎಂದಳು.