ಅತ್ತೆಯ ಮುಂಗೈಗೆ ಮಲ್ಲಿಗೆ ಸೆಂಟು

“ನನಗೂ ಒಂದ್ ಹನಿ ಹಚ್ಚವ್ವಾ,” ಎಂದು ವಿಧವೆ ಅತ್ತೆ ಮುಂಗೈ ಚಾಚಿದಾಗ ನಾನು ಬಾಗಿಲ ಕಡೆ ನೋಡಿದೆ. ಸ್ವಾತಂತ್ರ್ಯ ಬಂದ ವರ್ಷ, ತಿಕೋಟಾದ ನಮ್ಮ ಮನೆಯಲ್ಲಿ ನಡೆದದ್ದಿದು. ನನ್ನ ಗಂಡ ಸೊಲ್ಲಾಪುರದಿಂದ ತಂದ ಮಲ್ಲಿಗೆ ಸೆಂಟಿನ ಶೀಶೆಯನ್ನು ನಾನು ಆಗಷ್ಟೇ ತೆರೆದಿದ್ದೆ. ವಿಧವೆಯರು ಹೂ ಮುಡಿಯಬಾರದೆಂದು ಓಣಿಗೆಲ್ಲ ಹೇಳುತ್ತಿದ್ದವರೇ ಅತ್ತೆ.

“ಮಂದಿ ಏನಂತಾರ್ರಿ, ಅತ್ತಿ?” ಎಂದೆ.

“ಹೂವು ಬ್ಯಾಡಂದಾರ. ವಾಸನಿ ಬ್ಯಾಡಂತ ಯಾರಂದಾರ?”

ಅಂಜುತ್ತಲೇ ಹಚ್ಚಿದೆ. ಕಣ್ಣು ಮುಚ್ಚಿ ಮೂಸಿದ ಅತ್ತೆ ನಕ್ಕರು, ಮರುಕ್ಷಣವೇ ಅತ್ತರು. ಅಷ್ಟರಲ್ಲಿ ನೆರೆಯಾಕೆಯ ದನಿ ಕೇಳಿ ಬಚ್ಚಲಿಗೆ ಓಡಿ, ಸೀಗೆಪುಡಿ ಹಾಕಿ ಕೈ ಉಜ್ಜಿದರು. ಚರ್ಮ ಕೆಂಪಾಯಿತು, ಪರಿಮಳ ಹೋಗಲಿಲ್ಲ. ದಿನವಿಡೀ ಆ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದು, ಯಾರೂ ಇಲ್ಲದಾಗ ಮೂಗಿನ ಬಳಿ ತರುತ್ತಿದ್ದರು.

ಅವರಿಗೆ ನಾನು ಕೊಟ್ಟದ್ದು ಸುಖವೋ ಸಂಕಟವೋ, ಇಂದಿಗೂ ನನಗೆ ತಿಳಿದಿಲ್ಲ.