ಕೇಳದೇ ಉಳಿದ ಬಣ್ಣ

ಜಮಖಂಡಿ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಬನಹಟ್ಟಿಯ ಬಟ್ಟೆ ಅಂಗಡಿಯೊಂದಕ್ಕೆ ಹೋದೆ. ಅಲ್ಲಿ ಐವತ್ತು ದಾಟಿದ ನೇಕಾರರೊಬ್ಬರು ಹೆಂಗಸರ ಗೌನು ಆರಿಸುತ್ತಿದ್ದರು. ಒಂದನ್ನು ಕೌಂಟರಿನ ಮೇಲೆ ಹರಡಿ, ಎಡಗೈಯೊಂದರಿಂದಲೇ ಗುಂಡಿ ಹಾಕಿ ನೋಡಿದರು. ಸಣ್ಣ ಗುಂಡಿ ಜಾರಿತು. ದೊಡ್ಡ ಗುಂಡಿಯದನ್ನು ತೆಗೆಸಿದರು.

“ಮನ್ಯಾಕಿಗೆ ಲಕ್ವಾ ಹೊಡದೈತ್ರಿ ಅಕ್ಕಾರ. ಬಲಗೈ ಏಳವಲ್ದು, ಸೀರಿ ಉಡಾಕ ಆಗೂದಿಲ್ಲ,” ಎಂದು ನನ್ನತ್ತ ತಿರುಗಿದರು. “ಮೂರು ಸಾಕ್ರಿ. ಮನಿಗೆ, ದವಾಖಾನಿಗೆ, ಮಂದಿ ಬಂದಾಗ, ಎಲ್ಲಾಕೂ ಇವ ಆಗಬೇಕು. ಮೂರಕ್ಕೂ ಮ್ಯಾಲ ಹೊದಿಯಾಕ ಈ ಒಂದ ಓಡ್ನಿ ಹೊಂದತೈತೇನ್ರಿ?”

ಹೊಂದುತ್ತದೆ ಎಂದೆ. ಅವರ ಹೆಂಡತಿಗೆ ಯಾವ ಬಣ್ಣ ಇಷ್ಟ ಎಂದು ಕೇಳಿದೆ.

ಓಡ್ನಿಯನ್ನು ಕೌಂಟರಿನ ಮೇಲಿಟ್ಟರು. “ಲಗ್ನ ಆದಾಗಿಂದ ನಾ ನೇಯ್ದದ್ದನ್ನ ಉಟ್ಟಾಳ್ರಿ. ಎಂದೂ ಕೇಳಿಲ್ಲ. ಈಗ ಕೇಳಬೇಕಂದ್ರ ಆಕಿ ಮಾತು ಹೋಗೇತಿ.”

ಅಂಗಡಿಯ ಹೆಣ್ಣುಮಗಳು ಕಪಾಟಿನಿಂದ ಇನ್ನಷ್ಟು ಗೌನು ಇಳಿಸಿದಳು. “ಎಲ್ಲಾ ಒಯ್ದು ಕಾಕಿ ಮುಂದ ಇಡ್ರಿ ಕಾಕಾ. ಕಣ್ಣು ಎದರ ಮ್ಯಾಲ ನಿಲ್ತಾವ ನೋಡ್ರಿ. ಉಳದದ್ದು ನಾಳಿಗೆ ತಂದುಕೊಡ್ರಿ.”

ಅವರು ಒಂದೊಂದನ್ನೇ ಮಡಿಚಿ ಚೀಲಕ್ಕಿಟ್ಟರು. ಆಮೇಲೆ ಕಪಾಟಿನ ಕಡೆ ಕೈ ತೋರಿಸಿದರು.

“ಆ ತಿಳಿನೀಲಿನೂ ಹಾಕವಾ. ಅದನ್ನ ನಾ ಎಂದೂ ನೇಯ್ದಿಲ್ಲ.”