ಮಾಸ್ತರು ಕಲಿಸಿದ ಜಾಗದ ಪಾಠ

ಬ್ಯಾಡಗಿಯ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಮಾಸ್ತರು ಮಕ್ಕಳಿಗೆ ಕಂಪ್ಯೂಟರಿನ ಸಿ ಭಾಷೆ ಹೇಳಿಕೊಡುತ್ತಿದ್ದರು. ನಾನು ಹೊರಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೇಳುತ್ತಿದ್ದೆ. ಅವರು ಬೆರಳಿನಿಂದ ಹಲಗೆ ಬಡಿದು ಬಡಿದು ಹೇಳುತ್ತಿದ್ದುದು ಒಂದೇ ಮಾತು:

"ಒಂದ ಶಬ್ದ ಎರಡು ಕಡೆ ಬರದ್ರೂ ಕಂಪ್ಯೂಟರ್ ಒಂದ ಕಡೆ ಇಟ್ಕೊಂತೈತಿ. ಎರಡೂ ಒಂದ ಏನು ಅಂತ ಕೇಳಿದ್ರ ಅಕ್ಷರ ನೋಡೂದಿಲ್ಲ, ಇಟ್ಟ ಜಾಗ ನೋಡತೈತಿ. ಜಾಗ ಒಂದ, ಉತ್ತರ ಹೌದು. ಮುಗೀತು!"

ಅವರ ಹತ್ತಿರ ಕಲಿಯುತ್ತಿದ್ದ ಕರ್ಜಗಿಯ ಹುಡುಗಿಯೊಬ್ಬಳು ಅದನ್ನೇ ನಂಬಿ ಹಾವೇರಿಯಲ್ಲಿ ಪರೀಕ್ಷೆಗೆ ಕೂತಳು. ಅಲ್ಲಿನ ಕಂಪ್ಯೂಟರು ಒಂದೇ ಶಬ್ದವನ್ನು ಎರಡು ಕಡೆ ಇಟ್ಟಿತ್ತು. ಎರಡೂ ಒಂದೇ ಅಲ್ಲ ಎಂದು ಉತ್ತರ ಬಂತು, ಹುಡುಗಿ ನಪಾಸಾದಳು. ನಪಾಸಾದರೆ ಓದು ಬಿಡಿಸಿ ಮದುವೆ ಮಾಡುತ್ತೇನೆಂದು ಅವಳಪ್ಪ ಮೊದಲೇ ಹೇಳಿದ್ದ.

ಮಾಸ್ತರು ಕರ್ಜಗಿಗೆ ಹೋಗಿಬಂದು ನಮ್ಮ ಕಟ್ಟೆಯ ಮೇಲೆ ಕೂತರು.

"ಅಕ್ಷರ ಹೋಲಿಸಿ ನೋಡೂದು ಕಲಿಸ್ಬೇಕಿತ್ರಿ ಅವ್ವಾರ. ನಮ್ಮ ಕಂಪ್ಯೂಟರಿನಾಗ ನಡೀತಿತ್ತಂತ ಬಿಟ್ಟೆ."

"ತಪ್ಪು ನಿಮ್ದ ಐತಿ ಮಾಸ್ತರ. ಅವರಪ್ಪಗ ಹೇಳಿದ್ರೋ ಇಲ್ಲೋ?"

"ಹೇಳಿದೆ. ಗಂಡಿನ ಕಡೇವ್ರು ಈಗಷ್ಟ ಮಾತು ಮುಗಿಸಿ ಹೋದ್ರು, ನೀವು ಚಾ ಕುಡೀರಿ ಅಂದ್ರು."

"ಹುಡುಗಿಗೆ ಏನಂದ್ರಿ?"

"ಚಾ ತಂದಾಕಿ ಆಕೀನ ರೀ. ಕುಡದು ಬಂದೆ."